ಜಾನ್ಸನ್ ಸಾಹೇಬರ 'ಬಡತನದ ಮೇಲಿನ ಯುದ್ಧ': ಗೆದ್ದಿದ್ದಾ, ಸೋತಿದ್ದಾ?

ಅರಸೀಕೆರೆ ತೆಂಗು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ಪಾಠ ಮಾಡಿ ರಿಟೈರ್ ಆದವನು ನಾನು. ಮಗಳ ಮನೆಗೆ ಅಂತ ಟೆಕ್ಸಾಸ್‌ನ ಆಸ್ಟಿನ್‌ಗೆ ಬಂದು ಎರಡು ತಿಂಗಳಾಯಿತು. ಹಗಲೆಲ್ಲ ಮಗಳು, ಅಳಿಯ ಇಬ್ಬರೂ ಲ್ಯಾಪ್‌ಟಾಪ್ ಮುಂದೆ. ನಾನು ಹಿತ್ತಲಲ್ಲಿ ಅಳಿಲು ಎಣಿಸುತ್ತಾ ಕೂರುತ್ತೇನೆ. ಅದನ್ನು ನೋಡಲಾರದೆ ಅಳಿಯ ಹೋದ ಶನಿವಾರ ಇದೇ ಊರಿನ, ಅಮೆರಿಕದ ಹಿಂದಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಹೆಸರಿನ ಲೈಬ್ರರಿಗೆ ಕರೆದುಕೊಂಡು ಹೋದರು.

ಲೈಬ್ರರಿ ಅಂದರೆ ಪುಸ್ತಕ ಇರುತ್ತೆ ಅಂದುಕೊಂಡಿದ್ದೆ. ಒಳಗೆ ನೋಡಿದರೆ ಗಾಜಿನ ಗೋಡೆ ಹಿಂದೆ ಮಹಡಿ ಮೇಲೆ ಮಹಡಿ ಕೆಂಪು ಡಬ್ಬಿಗಳು. ಅಷ್ಟೂ ಆ ಮನುಷ್ಯನ ಕಾಲದ ಕಾಗದಪತ್ರವಂತೆ. ಒಂದು ಕಡೆ ಟೆಲಿಫೋನ್ ರಿಸೀವರ್ ಇಟ್ಟಿದ್ದಾರೆ. ಕಿವಿಗೆ ಹಿಡಿದರೆ ಜಾನ್ಸನ್ ಮಾತಾಡುತ್ತಾರೆ, ಆಗ ರೆಕಾರ್ಡ್ ಮಾಡಿದ ನಿಜವಾದ ಫೋನ್ ಮಾತು. ಒಂದು ಗಳಿಗೆ ಗದರುತ್ತಾರೆ, ಮರುಗಳಿಗೆ ಪೂಸಿ ಹೊಡೆಯುತ್ತಾರೆ. ಇಂಗ್ಲಿಷು ಅರ್ಧ ಅರ್ಥವಾಗಲಿಲ್ಲ. ಆದರೆ ಧಾಟಿ ಪೂರ್ತಿ ಗೊತ್ತಾಯಿತು. ಓಟಿನ ಹಿಂದಿನ ರಾತ್ರಿ ನಮ್ಮ ಕಡೆ ಲೀಡರುಗಳು ಮಾತಾಡುವ ಧಾಟಿಯೇ.

ನಾನು ಮಕ್ಕಳಿಗೆ ಪಾಠ ಮಾಡುವಾಗ ಜಾನ್ಸನ್‌ಗೆ ಕೊಟ್ಟಿದ್ದು ಒಂದೇ ಸಾಲು. ಕೆನಡಿ ಕೊಲೆಯಾದ ಮೇಲೆ ಬಂದವರು, ವಿಯೆಟ್ನಾಂ ಯುದ್ಧ ಬೆಳೆಸಿದವರು. ಅಷ್ಟೇ. ಇಲ್ಲಿ ನೋಡಿದರೆ ಬೇರೆಯೇ ಮನುಷ್ಯ. 1928ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಕೊಟುಲಾ ಅನ್ನುವ ಊರಲ್ಲಿ ಬಡ ಮೆಕ್ಸಿಕನ್ ಮಕ್ಕಳಿಗೆ ಮೇಷ್ಟ್ರಾಗಿದ್ದರಂತೆ. ಮೊದಲ ಸಂಬಳದಲ್ಲಿ ಮಕ್ಕಳಿಗೆ ಆಟದ ಸಾಮಾನು ತಂದರಂತೆ. 1965ರಲ್ಲಿ ಶಾಲೆಗಳಿಗೆ ದುಡ್ಡು ಕೊಡುವ ದೊಡ್ಡ ಕಾನೂನಿಗೆ ತಮ್ಮೂರಿನ ಹಳೇ ಶಾಲೆ ಹತ್ತಿರ, ತಮಗೆ ಅಕ್ಷರ ಕಲಿಸಿದ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಹಿ ಹಾಕಿದರಂತೆ. ಮೇಷ್ಟ್ರಾದ ನನಗೆ ಇದು ಗೊತ್ತಿರಲಿಲ್ಲ ಅಂತ ನಾಚಿಕೆ ಆಯಿತು.

ರಾತ್ರಿ ಊಟಕ್ಕೆ ಕೂತಾಗ ಈ ಮಾತು ತೆಗೆದೆ. ತೆಗೆಯಬಾರದಿತ್ತು. ಅಳಿಯ, "ಮಾವ, ಅದೆಲ್ಲ ದುಡ್ಡು ಸುರಿದಿದ್ದು ಅಷ್ಟೇ. ಬಡತನ ಹಾಗೇ ಇದೆ" ಅಂದರು. ಮಗಳು, "ಆ ಮನುಷ್ಯ ಸಹಿ ಹಾಕದೆ ಇದ್ದಿದ್ದರೆ ನೀನು ಇಲ್ಲಿ ಕೂತು ಸಾರು ತಿನ್ನುತ್ತಿರಲಿಲ್ಲ" ಅಂದಳು. ಸಾರು ಆರಿತು, ಮಾತು ಆರಲಿಲ್ಲ.

ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಬಡತನ, ಬಣ್ಣಭೇದ ಕಳೆಯಲು ಜಾನ್ಸನ್ ತಂದ ಕಾನೂನು, ಯೋಜನೆಗಳಿಗೆಲ್ಲ ಸೇರಿಸಿ ಗ್ರೇಟ್ ಸೊಸೈಟಿ ಅಂತಾರೆ. ಅದು ಜನರ ಬದುಕಲ್ಲಿ ಏನು ಬದಲಾಯಿಸಿತು? ಬಡತನ ಇಳಿಯಿತಾ ಇಲ್ಲವಾ? ಪುಸ್ತಕದ ಉತ್ತರ ಬೇಡ, ಅದು ನನಗೂ ಓದಲು ಬರುತ್ತೆ. ಕಣ್ಣಾರೆ ನೋಡಿದವರು ಹೇಳಿ.

ಇನ್ನೊಂದು ಸಣ್ಣ ವಿಷಯ. ಬಲಗಡೆ ದವಡೆ ಹಲ್ಲು ನೋಯುತ್ತಿದೆ. ಜಾನ್ಸನ್ ತಂದ, ಮುದುಕರ ಸರ್ಕಾರಿ ಆರೋಗ್ಯ ವಿಮೆ ಈ ಮೆಡಿಕೇರ್ ನನ್ನಂಥ ವಿಸಿಟರ್‌ಗೆ ಸಿಗುತ್ತಾ?

ನೇರನುಡಿ ಡಲ್ಲಾಸ್

ಸರ್, ನಾನು ನಿಮ್ಮ ಅಳಿಯನ ಪಾರ್ಟಿ. 1988ರಲ್ಲಿ ಅಧ್ಯಕ್ಷ ರೇಗನ್ ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಲ್ಲೇ ಹೇಳಿದ್ದರು, ಸರ್ಕಾರ ಬಡತನದ ಮೇಲೆ ಯುದ್ಧ ಸಾರಿತು, ಬಡತನ ಗೆದ್ದಿತು ಅಂತ. ಜನ ನಕ್ಕರು, ಯಾಕೆಂದರೆ ಎಲ್ಲರಿಗೂ ಹಾಗೇ ಅನಿಸಿತ್ತು.

ಜಾಬ್ ಕೋರ್ ಅಂತ ಮಾಡಿದರು. ಕೆಲಸ ಇಲ್ಲದ ಹುಡುಗರನ್ನು ಕ್ಯಾಂಪಿಗೆ ಕರೆದು ಟ್ರೈನಿಂಗ್ ಕೊಡುವುದು. ಒಬ್ಬೊಬ್ಬನ ಖರ್ಚಲ್ಲಿ ಹಾರ್ವರ್ಡ್‌ಗೇ ಕಳಿಸಬಹುದಿತ್ತಲ್ಲ ಅಂತ ಆಗಲೇ ಆಡಿಕೊಂಡಿದ್ದರು. ಹೆಡ್ ಸ್ಟಾರ್ಟ್ ಅಂತ ಬಡವರ ಪುಟ್ಟ ಮಕ್ಕಳಿಗೆ ಶಾಲೆ ಮಾಡಿದರು. 1969ರಲ್ಲಿ ಒಂದು ಸ್ಟಡಿ ಬಂತು. ಕಲಿತದ್ದೆಲ್ಲ ಎರಡು ಮೂರು ಕ್ಲಾಸ್ ದಾಟುವಷ್ಟರಲ್ಲಿ ಕರಗಿಹೋಗುತ್ತೆ ಅಂತ. 1965ರ ಆಗಸ್ಟ್ 6ಕ್ಕೆ ಕಪ್ಪು ಜನರ ಓಟಿನ ಹಕ್ಕು ಕಾಯುವ ಕಾನೂನಿಗೆ ಸಹಿ ಹಾಕಿದರು. ಐದೇ ದಿನಕ್ಕೆ ಲಾಸ್ ಏಂಜಲೀಸ್‌ನ ವಾಟ್ಸ್ ಅನ್ನುವ ಕಪ್ಪು ಜನರ ಬಡಾವಣೆ ಗಲಭೆಯಲ್ಲಿ ಹೊತ್ತಿ ಉರಿಯಿತು. 1967ರಲ್ಲಿ ಡೆಟ್ರಾಯಿಟ್. ಕೊಟ್ಟು ಕೊಟ್ಟು ಜನರ ಆಸೆ ಹೆಚ್ಚಿಸಿದ್ದೇ ಬಂತು.

ನಾನು ಕಟ್ಟುವ ಟ್ಯಾಕ್ಸ್ ನೋಡಿದರೆ ನಿಮಗೂ ಹಲ್ಲುನೋವು ಜಾಸ್ತಿಯಾಗುತ್ತೆ.

ಹಳೇ ಲೆಕ್ಕಿಗ

ಮೇಷ್ಟ್ರೇ, ಮೊದಲೇ ಹೇಳಿಬಿಡುತ್ತೇನೆ. ನಾನು ಮೂವತ್ತು ವರ್ಷ ಒಂದು ಆಸ್ಪತ್ರೆಯ ಬಿಲ್ ವಿಭಾಗದಲ್ಲಿ ಕೂತವನು. ಈ ವಿಷಯದಲ್ಲಿ ನನಗೆ ಪಕ್ಷಪಾತ ಇದೆ. ಉದ್ದ ಬರೆಯುತ್ತೇನೆ, ಕಾಫಿ ಇಟ್ಟುಕೊಂಡು ಓದಿ.

ನಾನು ಈ ದೇಶಕ್ಕೆ ಹೆಂಡತಿ ಹಿಂದೆ ಬಂದವನು. ಅವಳು ಮಂಗಳೂರಲ್ಲಿ ನರ್ಸಿಂಗ್ ಮಾಡಿದವಳು. 1972ರಲ್ಲಿ ಅವಳಿಗೆ ವೀಸಾ ಬಂತು, ಮರುವರ್ಷ ನಾನು ಮೈಸೂರಿನ ಬಿಕಾಂ ಸರ್ಟಿಫಿಕೇಟ್ ಹಿಡಿದು ಹೊರಟೆ. ಅವಳಿಗೆ ವೀಸಾ ಸಿಕ್ಕಿದ್ದೇ ನಿಮ್ಮ ಮಗಳು ಹೇಳಿದ ಆ ಸಹಿಯಿಂದ, 1965ರ ವಲಸೆ ಕಾನೂನಿಂದ. ಅದಕ್ಕೆ ಮೊದಲು ಇಡೀ ಇಂಡಿಯಾಕ್ಕೆ ವರ್ಷಕ್ಕೆ 100 ಜನರ ಕೋಟಾ. ನೂರು! ನಮ್ಮೂರ ಒಂದು ಮದುವೆ ದಿಬ್ಬಣದಲ್ಲಿ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಹೊಸ ಕಾನೂನಲ್ಲಿ ಒಂದೊಂದು ದೇಶಕ್ಕೆ 20,000ದವರೆಗೆ ಜಾಗ ಆಯಿತು. ಡಾಕ್ಟರು, ನರ್ಸು, ಇಂಜಿನಿಯರುಗಳಿಗೆ ಬೇರೆ ಸಾಲು. ಜಾನ್ಸನ್ ಲಿಬರ್ಟಿ ಪ್ರತಿಮೆಯ ಕೆಳಗೆ ಕೂತು ಅಕ್ಟೋಬರ್ 3ಕ್ಕೆ ಸಹಿ ಹಾಕುವಾಗ, ಇದೇನೂ ಕ್ರಾಂತಿ ಮಾಡುವ ಕಾನೂನಲ್ಲ, ಲಕ್ಷಾಂತರ ಜನರ ಬದುಕನ್ನು ಮುಟ್ಟುವುದಿಲ್ಲ ಅಂದಿದ್ದರು. ಅವರು ಹೇಳಿದ ಭವಿಷ್ಯಗಳಲ್ಲಿ ಇಷ್ಟು ಚೆನ್ನಾಗಿ ಸುಳ್ಳಾಗಿದ್ದು ಇನ್ನೊಂದಿಲ್ಲ.

ಹೆಂಡತಿ ಕೆಲಸ ಮಾಡುತ್ತಿದ್ದದ್ದು ಜಾರ್ಜಿಯಾದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ. ಹೆಸರು ಬೇಡ. ನನಗೂ ಅಲ್ಲೇ ಲೆಕ್ಕದ ಕೆಲಸ ಸಿಕ್ಕಿತು. ಸೇರಿದ ಮೊದಲ ತಿಂಗಳು ಹಳೇ ಬಾಕಿ ಹುಡುಕಲು ನೆಲಮಾಳಿಗೆಗೆ ಕಳಿಸಿದರು. ಅಲ್ಲಿ ಲೆಡ್ಜರುಗಳು ಸಾಲಾಗಿ. ಕೆಳಗಡೆ ತಂಪು, ಒದ್ದೆ ಕಾಗದದ ವಾಸನೆ. ನಮ್ಮ ಕಡೆ ಸೊಸೈಟಿ ಗೋಡೌನ್ ಇದ್ದಹಾಗೆ. ಒಂದು ಲೆಡ್ಜರ್ ತೆಗೆದೆ. ರೋಗಿಯ ಹೆಸರು, ವಾರ್ಡು, ದಿನ, ಮೊತ್ತ. ಎಲ್ಲ ಸರಿ ಇದೆ. ಆದರೆ ಕೆಲವು ಹೆಸರಿನ ಮುಂದೆ ಕೆಂಪು ಇಂಕಿನಲ್ಲಿ ಚಿಕ್ಕದಾಗಿ 'ಸಿ' ಅಂತ ಒಂದು ಅಕ್ಷರ. ಕ್ಯಾಶ್ ಇರಬೇಕು ಅಂದುಕೊಂಡೆ. ಆದರೆ ಅವರದೆಲ್ಲ ಬಾಕಿ ಇದೆ. ಕ್ಯಾನ್ಸಲ್ ಇರಬೇಕು ಅಂದುಕೊಂಡೆ, ಅದೂ ಅಲ್ಲ. ಮೇಲೆ ಬಂದು ಕೇಳಿದರೆ ಆಫೀಸಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಕೊನೆಗೆ ಹೇಳಿದ್ದು ಲಾಂಡ್ರಿ ನೋಡಿಕೊಳ್ಳುತ್ತಿದ್ದ ಹಿರಿಯರು. ಕಪ್ಪು ಮನುಷ್ಯ, ಆಗಲೇ ಅರವತ್ತರ ಹತ್ತಿರ. 'ಸಿ' ಅಂದರೆ ಕಲರ್ಡ್. ಅವರ ವಾರ್ಡು ಹಿಂದಿನ ಕಟ್ಟಡದಲ್ಲಿ, ಬಾಯ್ಲರ್ ರೂಮಿನ ಪಕ್ಕ. ಬಾಗಿಲೂ ಬೇರೆ. ಚಾದರವನ್ನೂ ಬೇರೆ ಬೇರೆ ಒಗೆಯಬೇಕಿತ್ತು. ಬಿಳಿಯರ ವಾರ್ಡಿನದಕ್ಕೆ ಅಂಚಿಗೆ ನೀಲಿ ದಾರ, ಇವರದಕ್ಕೆ ಕೆಂಪು ದಾರ. "ನೀರು ಒಂದೇ, ಸೋಪು ಒಂದೇ, ದಾರ ಮಾತ್ರ ಬೇರೆ" ಅಂತ ನಕ್ಕರು. ನಾನು ನಗಲಿಲ್ಲ. ನಮ್ಮೂರ ಹೋಟೆಲಲ್ಲಿ ಹೊರಗಡೆ ಗೂಟಕ್ಕೆ ನೇತುಹಾಕಿದ್ದ ಬೇರೆ ಲೋಟಗಳು ನೆನಪಾದವು. ಆ ಲೋಟದ ಬಗ್ಗೆ ಊರಲ್ಲಿ ಇದ್ದಷ್ಟು ದಿನ ನಾನೂ ಏನೂ ಕೇಳಿರಲಿಲ್ಲ.

ಈಗ ಲೆಕ್ಕದ ವಿಷಯಕ್ಕೆ ಬರುತ್ತೇನೆ. 1964ರ ಸಿವಿಲ್ ರೈಟ್ಸ್ ಕಾನೂನಿನಲ್ಲಿ ಆರನೇ ಭಾಗ ಅಂತ ಒಂದಿದೆ. ಸರ್ಕಾರದ ದುಡ್ಡು ತೆಗೆದುಕೊಳ್ಳುವವರು ಬಣ್ಣ ನೋಡಿ ಭೇದ ಮಾಡುವಹಾಗಿಲ್ಲ ಅಂತ. ಬರೆದಿಟ್ಟರೆ ಯಾರು ಕೇಳುತ್ತಾರೆ? ಆದರೆ ಮರುವರ್ಷ ಮೆಡಿಕೇರ್ ಬಂತು. 65 ದಾಟಿದ ಹೆಚ್ಚು ಕಡಿಮೆ ಎಲ್ಲರ ಆಸ್ಪತ್ರೆ ಬಿಲ್ಲಿನ ಬಹುಪಾಲನ್ನು ಸರ್ಕಾರವೇ ಕಟ್ಟುತ್ತೆ. ಆಸ್ಪತ್ರೆ ನಡೆಸುವವರಿಗೆ ಇದರಷ್ಟು ಸಿಹಿ ಸುದ್ದಿ ಇನ್ನೇನಿದೆ? ಮುದುಕರೇ ತಾನೇ ಜಾಸ್ತಿ ಅಡ್ಮಿಟ್ ಆಗುವುದು, ಅವರ ಹತ್ತಿರವೇ ದುಡ್ಡು ಇರುತ್ತಿರಲಿಲ್ಲ. ಆಗ ಜಾನ್ಸನ್ ಕಡೆಯವರು ಎರಡನ್ನೂ ಗಂಟು ಹಾಕಿದರು. ವಾರ್ಡು ಒಂದು ಮಾಡಿ, ಇಲ್ಲದಿದ್ದರೆ ಮೆಡಿಕೇರ್ ದುಡ್ಡಿಲ್ಲ. 1966ರ ಜುಲೈ 1ಕ್ಕೆ ಯೋಜನೆ ಶುರು. ಅಷ್ಟರಲ್ಲಿ ಸುಮಾರು ಸಾವಿರ ಮಂದಿ ಇನ್‌ಸ್ಪೆಕ್ಟರುಗಳನ್ನು ಬೇರೆ ಬೇರೆ ಇಲಾಖೆಗಳಿಂದ ಎಳೆದು ತಂದು ದೇಶವೆಲ್ಲ ಓಡಿಸಿದರು. ಆರು ಸಾವಿರಕ್ಕೂ ಜಾಸ್ತಿ ಆಸ್ಪತ್ರೆ. ನಾಲ್ಕೈದು ತಿಂಗಳಲ್ಲಿ ಹೆಚ್ಚು ಕಡಿಮೆ ಎಲ್ಲ ದಾರಿಗೆ ಬಂದವು. ಶಾಲೆಗಳಲ್ಲಿ ಕಪ್ಪು, ಬಿಳಿ ಮಕ್ಕಳನ್ನು ಬೇರೆ ಮಾಡಕೂಡದು ಅಂತ 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು ಹತ್ತು ವರ್ಷವಾದರೂ ಆಗದ್ದು ಆಸ್ಪತ್ರೆಗಳಲ್ಲಿ ಒಂದು ಬೇಸಿಗೆಗೆ ಆಯಿತು.

ಸುಲಭವಾಗಿ ಆಯಿತು ಅಂತಲ್ಲ. ನಮ್ಮ ಆಸ್ಪತ್ರೆಗೆ ಇನ್‌ಸ್ಪೆಕ್ಟರ್ ಬರುತ್ತಾರೆ ಅಂತ ಗೊತ್ತಾದಾಗ ಒಂದು ಶನಿವಾರ ರಾತ್ರಿ ನಾಲ್ಕು ಕಪ್ಪು ರೋಗಿಗಳನ್ನು ಮಂಚ ಸಮೇತ ಮುಂದಿನ ಕಟ್ಟಡಕ್ಕೆ ತಳ್ಳಿದರಂತೆ. ಬಂದವರು ನೋಡಿಕೊಂಡು ಹೋದರು. ಮಂಗಳವಾರ ಮಂಚ ವಾಪಸ್. ಆದರೆ ಅಷ್ಟರಲ್ಲಿ ಯಾರೋ ಅವರಿಗೆ ಫೋನ್ ಮಾಡಿ ಹೇಳಿಬಿಟ್ಟಿದ್ದರು. ಗುರುವಾರ ಹೇಳದೆ ಕೇಳದೆ ಮತ್ತೆ ಬಂದರು. ಫೋನ್ ಮಾಡಿದ್ದು ಯಾರು ಅಂತ ಆ ಹಿರಿಯರನ್ನು ಕೇಳಿದೆ. ಚಾದರ ಮಡಿಸುತ್ತಾ ಇದ್ದರು, ಉತ್ತರ ಕೊಡಲಿಲ್ಲ.

ನಾನು ಮತ್ತೆ ಕೆಳಗೆ ಹೋಗಿ 1966ರ ಲೆಡ್ಜರ್ ತೆಗೆದು ನೋಡಿದೆ. ಜೂನ್ ಪುಟಗಳಲ್ಲಿ 'ಸಿ' ಇದೆ. ಜುಲೈ ಮೊದಲ ವಾರದಲ್ಲೂ ಇದೆ. ಪಾಪ, ಗುಮಾಸ್ತರ ಕೈಗೆ ಅಭ್ಯಾಸ. ಬರೆದು, ಅದರ ಮೇಲೆ ಗೀಟು ಹಾಕಿ ಹೊಡೆದಿದ್ದಾರೆ. ಒಂದು ಪುಟದಲ್ಲಿ ಹನ್ನೊಂದು ಗೀಟು ಎಣಿಸಿದೆ. ಆಮೇಲೆ ಏಳು, ಮೂರು. ಆಗಸ್ಟಲ್ಲಿ ಒಂದೂ ಇಲ್ಲ. ಆ ಗುಮಾಸ್ತರ ಮನಸ್ಸು ಬದಲಾಯಿತಾ ಗೊತ್ತಿಲ್ಲ. ಪೆನ್ನು ಬದಲಾಯಿತು. ನನಗೆ ಗ್ರೇಟ್ ಸೊಸೈಟಿ ಅಂದರೆ ಅಷ್ಟೇ, ಆ ಗೀಟುಗಳು.

ನೇರನುಡಿಯವರೇ, ನಿಮ್ಮ ಟ್ಯಾಕ್ಸ್ ದೂರಿಗೂ ಒಂದು ಅರ್ಥ ಇದೆ. ಅದನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಕಾನೂನು ಪಾಸ್ ಮಾಡಿಸುವಾಗ ಡಾಕ್ಟರುಗಳ ಸಂಘ, ಆಸ್ಪತ್ರೆಗಳು ಮುನಿಸಿಕೊಳ್ಳಬಾರದು ಅಂತ ಒಂದು ರಾಜಿ ಮಾಡಿಕೊಂಡರು. ಆಸ್ಪತ್ರೆ ಎಷ್ಟು ಖರ್ಚು ತೋರಿಸುತ್ತೋ ಅಷ್ಟನ್ನು ಮೆಡಿಕೇರ್ ತುಂಬಿಕೊಡುತ್ತೆ. ಲೆಕ್ಕದವನಿಗೆ ಇದು ಗೊತ್ತಾದರೆ ಏನು ಮಾಡುತ್ತಾನೆ ಹೇಳಿ? ಹೊಸ ಮಂಚ ತಗೊಂಡರೂ ಅದರಲ್ಲೊಂದು ಪಾಲು ಮೆಡಿಕೇರ್ ತಲೆಗೆ, ಹೊಸ ಕಾರಿಡಾರ್ ಕಟ್ಟಿದರೂ ಹಾಗೇ. ನಮ್ಮ ಮ್ಯಾನೇಜರು ವರ್ಷದ ಕೊನೆಗೆ 'ಇನ್ನೇನಾದರೂ ಸೇರಿಸೋದಿದೆಯಾ' ಅಂತ ಕೇಳುತ್ತಿದ್ದರು. ಕಳ್ಳತನ ಅಲ್ಲ, ರೂಲೇ ಹಾಗಿತ್ತು. 1983ರಲ್ಲಿ ಅದನ್ನು ನಿಲ್ಲಿಸಿದರು. ಇಂಥ ಕಾಯಿಲೆಗೆ ಇಷ್ಟೇ ಅಂತ ರೇಟು ಕಟ್ಟಿದರು. ಆ ವರ್ಷ ನಮ್ಮ ಆಫೀಸಲ್ಲಿ ಯಾರೂ ದೀಪಾವಳಿ ಸ್ವೀಟ್ ಸರಿಯಾಗಿ ತಿನ್ನಲಿಲ್ಲ. ಆದರೆ ಆ ಹದಿನೇಳು ವರ್ಷದಲ್ಲಿ ಏರಿದ ರೇಟು ಆಮೇಲೆ ಇಳಿಯಲಿಲ್ಲ. 1966ರಲ್ಲಿ ಡಾಕ್ಟರ್ ಬಿಲ್ಲಿನ ಭಾಗಕ್ಕೆ ಅಜ್ಜ ಅಜ್ಜಿಯರು ತಿಂಗಳಿಗೆ 3 ಡಾಲರ್ ಕಟ್ಟುತ್ತಿದ್ದರು. 2025ರಲ್ಲಿ 185.

ಬಡತನ ಇಳಿಯಿತಾ ಅಂತ ಕೇಳಿದ್ದೀರಿ. 1964ರಲ್ಲಿ ನೂರಕ್ಕೆ 19 ಜನ ಬಡವರು ಅಂತ ಲೆಕ್ಕ. 1973ಕ್ಕೆ 11. ಆಮೇಲೆ ಐವತ್ತು ವರ್ಷ ಹತ್ತು ಹನ್ನೆರಡು ಹದಿನೈದು ಅಂತ ಅಲ್ಲೇ ಮೇಲೆ ಕೆಳಗೆ. ರೇಗನ್ ಅಂದಿದ್ದು ಇದನ್ನು ನೋಡಿಯೇ. ಆದರೆ ಅಳೆಯುವ ಕೋಲನ್ನೂ ಸ್ವಲ್ಪ ನೋಡಬೇಕು. ಮಾಲಿ ಒರ್ಶಾನ್ಸ್ಕಿ ಅಂತ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಒಬ್ಬ ಹೆಂಗಸು ಆ ಕೋಲು ಮಾಡಿದ್ದು. ಆಗಿನ ಸಂಸಾರಗಳು ಸಂಪಾದನೆಯ ಮೂರನೇ ಒಂದು ಪಾಲು ಊಟಕ್ಕೆ ಹಾಕುತ್ತಿದ್ದವು. ಅದಕ್ಕೇ ತೀರಾ ಕಡಿಮೆ ಖರ್ಚಿನ ಊಟಕ್ಕೆ ಎಷ್ಟಾಗುತ್ತೋ ಅದನ್ನು ಮೂರರಿಂದ ಗುಣಿಸಿದರು. ಒಳ್ಳೆಯ ಕೋಲೇ. ಆದರೆ ಅದು ಎಣಿಸುವುದು ಕೈಗೆ ಬರುವ ನಗದನ್ನು ಮಾತ್ರ. ಊಟದ ಸಾಮಾನು ಕೊಳ್ಳಲು ಫುಡ್ ಸ್ಟ್ಯಾಂಪ್ ಅನ್ನುವ ಕೂಪನ್ ಕೊಟ್ಟರೆ ಎಣಿಸಲ್ಲ. ಆಸ್ಪತ್ರೆ ಬಿಲ್ ಕಟ್ಟಿದರೆ ಎಣಿಸಲ್ಲ. ಬಾಡಿಗೆಗೆ ಸಹಾಯ ಮಾಡಿದರೆ ಎಣಿಸಲ್ಲ. ಜಾನ್ಸನ್ ಕೊಟ್ಟಿದ್ದು ಹೆಚ್ಚಿನದೆಲ್ಲ ಇಂಥದ್ದೇ. ಮನೆಗೆ ಅಕ್ಕಿ ಮೂಟೆ ತಂದು ಹಾಕಿ, ಆಮೇಲೆ ಜೇಬು ತಡಕಿ 'ದುಡ್ಡೇ ಇಲ್ಲ, ಇವನಿನ್ನೂ ಬಡವ' ಅಂದಹಾಗೆ. 2011ರಿಂದ ಸೆನ್ಸಸ್‌ನವರು ಫುಡ್ ಸ್ಟ್ಯಾಂಪ್, ಬಾಡಿಗೆ ಸಹಾಯದಂಥವನ್ನು ಸೇರಿಸಿ ಇನ್ನೊಂದು ಲೆಕ್ಕವನ್ನೂ ಹಾಕುತ್ತಿದ್ದಾರೆ.

ಮುದುಕರ ವಿಷಯದಲ್ಲಂತೂ ಜಗಳವೇ ಇಲ್ಲ. 1959ರಲ್ಲಿ 65 ದಾಟಿದವರಲ್ಲಿ ನೂರಕ್ಕೆ 35 ಜನ ಬಡವರು. ಈಗ ಹತ್ತರ ಆಸುಪಾಸು. ಅದರ ಪೂರ್ತಿ ಹೆಸರು ಜಾನ್ಸನ್‌ಗೆ ಹೋಗಬಾರದು. ಪಿಂಚಣಿಯನ್ನು 1972ರಲ್ಲಿ ಒಂದೇ ಸಲ ನೂರಕ್ಕೆ 20ರಷ್ಟು ಏರಿಸಿದ್ದು ನಿಕ್ಸನ್ ಕಾಲದಲ್ಲಿ.

ಇನ್ನು ವಿಯೆಟ್ನಾಂ. ಬಡತನದ ಮೇಲಿನ ಯುದ್ಧಕ್ಕೆ ಅಂತ ಮಾಡಿದ ಇಲಾಖೆಗೆ ವರ್ಷಕ್ಕೆ ಎರಡು ಬಿಲಿಯನ್ ಡಾಲರ್ ಕೂಡ ಸಿಗಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಇಪ್ಪತ್ತು ಬಿಲಿಯನ್ ದಾಟಿ ಹೋಯಿತು. ಒಂದು ಯುದ್ಧ ಇನ್ನೊಂದನ್ನು ನುಂಗಿತು ಅಂತ ಮಾರ್ಟಿನ್ ಲೂಥರ್ ಕಿಂಗ್ 1967ರಲ್ಲೇ ಬಾಯಿಬಿಟ್ಟು ಹೇಳಿದರು. ಜಾನ್ಸನ್ ಅವರ ಜೊತೆ ಮಾತು ಬಿಟ್ಟರು. ನಿಮ್ಮ ಪಾಠದ ಆ ಒಂದು ಸಾಲು ತಪ್ಪೇನಲ್ಲ ಮೇಷ್ಟ್ರೇ. ಚಿಕ್ಕದಾಯಿತು ಅಷ್ಟೇ.

ನಿಮ್ಮ ಹಲ್ಲಿಗೆ: ವಿಸಿಟರ್‌ಗೆ ಮೆಡಿಕೇರ್ ಇಲ್ಲ. ನನ್ನ ತಾಯಿ 1984ರಲ್ಲಿ ಗ್ರೀನ್ ಕಾರ್ಡ್ ಮೇಲೆ ಬಂದರು. ಅವರಿಗೇ ಐದು ವರ್ಷ ಕಾಯಬೇಕಾಯಿತು, ಆಮೇಲೂ ದುಡ್ಡು ಕಟ್ಟಿ ಸೇರಿಸಬೇಕಾಯಿತು. ಆ ಐದು ವರ್ಷ ಅವರು ಕೆಮ್ಮಿದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಮತ್ತೆ ಸರ್ಕಾರದ ಮೂಲ ಮೆಡಿಕೇರ್ ಇದ್ದವರಿಗೂ ಮಾಮೂಲಿ ಹಲ್ಲಿನ ಕೆಲಸ ಅದರಲ್ಲಿ ಬರಲ್ಲ. ಕನ್ನಡಕ ಇಲ್ಲ, ಕಿವಿ ಮೆಷಿನ್ ಇಲ್ಲ. ಮುದುಕರಿಗಾಗಿ ಮಾಡಿದ ಯೋಜನೆಯಲ್ಲಿ ಹಲ್ಲು, ಕಣ್ಣು, ಕಿವಿ ಮೂರೂ ಬಿಟ್ಟುಹೋಗಿವೆ ಅಂದರೆ ನೋಡಿ. ಲವಂಗ ಇಟ್ಟುಕೊಳ್ಳಿ, ಟ್ರಾವೆಲ್ ಇನ್ಶೂರೆನ್ಸ್ ಕಾಗದ ತೆಗೆದು ಓದಿ.

ಒಹಾಯೋ ಟೀಚರಮ್ಮ

ಹೆಡ್ ಸ್ಟಾರ್ಟ್ ಕರಗಿಹೋಯಿತು ಅಂದಿದ್ದಕ್ಕೆ ಸ್ವಲ್ಪ ಸಿಟ್ಟು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ನಾನು ಒಂಬತ್ತು ವರ್ಷದಿಂದ ಅಲ್ಲೇ ಸಹಾಯಕ ಟೀಚರ್. ಇದು 1965ರ ಬೇಸಿಗೆಯಲ್ಲಿ ಎಂಟು ವಾರದ ಪ್ರಯೋಗವಾಗಿ ಶುರುವಾಗಿದ್ದು. ಮೊದಲ ಬೇಸಿಗೆಗೇ ಐದೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳು ಬಂದರು.

ನಮ್ಮ ಕ್ಲಾಸಲ್ಲಿ ತಿಂಡಿ ಆದಮೇಲೆ ಹದಿನೇಳು ಮಕ್ಕಳು ಸಾಲಾಗಿ ನಿಂತು ಹಲ್ಲುಜ್ಜುತ್ತಾರೆ. ಹದಿನೇಳು ಬ್ರಷ್, ಒಂದೊಂದಕ್ಕೂ ಹೆಸರು, ಒಂದಕ್ಕೊಂದು ತಾಗದಹಾಗೆ ಸ್ಟ್ಯಾಂಡಲ್ಲಿ. ಹೋದ ವರ್ಷ ಒಬ್ಬ ಹುಡುಗ ಬ್ರಷ್ಷನ್ನು ಚಡ್ಡಿ ಜೇಬಲ್ಲಿ ಹಾಕಿಕೊಂಡು ಮನೆಗೆ ಹೊರಟ. ಯಾಕೋ ಅಂದರೆ, 'ತಂಗಿಗೆ' ಅಂದ. ಮನೆಯಲ್ಲಿ ಮೂರು ಜನಕ್ಕೆ ಒಂದೇ ಬ್ರಷ್ ಇತ್ತಂತೆ. ಇದು ಅಮೆರಿಕ. ಅವನ ಕಣ್ಣು ಟೆಸ್ಟ್ ಮಾಡಿಸಿದ್ದೂ ನಮ್ಮಲ್ಲೇ. ದೂರದ್ದು ಏನೂ ಕಾಣುತ್ತಿರಲಿಲ್ಲ. ಎಲ್ಲರೂ ಅವನನ್ನು ದಡ್ಡ ಅಂದುಕೊಂಡಿದ್ದರು.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರಲ್ಲ. ನಮ್ಮಲ್ಲಿ ಪಾಲಿಸಿ ಕೌನ್ಸಿಲ್ ಅಂತ ಇರುತ್ತೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳ ಅಪ್ಪ ಅಮ್ಮಂದಿರೇ ಇರಬೇಕು. ಬಜೆಟ್ಟಿಗೆ ಅವರು ಒಪ್ಪಬೇಕು. ನನ್ನ ಕೆಲಸಕ್ಕೂ ಓಟು ಹಾಕಿದ್ದು ವಾಲ್‌ಮಾರ್ಟ್‌ನಲ್ಲಿ ನೈಟ್ ಶಿಫ್ಟ್ ಮುಗಿಸಿ ಹಾಗೇ ಬಂದಿದ್ದ ಒಬ್ಬ ತಾಯಿ. ಬಡವರ ಯೋಜನೆಯನ್ನು ಬಡವರೂ ಸೇರಿ ನಡೆಸಬೇಕು ಅಂತ 1964ರ ಬಡತನ ವಿರೋಧಿ ಕಾನೂನಲ್ಲೇ ಬರೆದಿದ್ದರು. ಊರಿನ ಮೇಯರುಗಳಿಗೆ ಅದು ನುಂಗಲಾರದ ತುತ್ತಾಯಿತು. 1967ರಲ್ಲಿ ತಿದ್ದುಪಡಿ ಬಂದು ಹಗ್ಗ ಅವರ ಕೈಗೆ ಸಿಗುವಹಾಗಾಯಿತು. ನಮ್ಮ ಕೌನ್ಸಿಲಲ್ಲಿ ಮಾತ್ರ ಅದು ಉಳಿದಿದೆ.

ಹಿರಿಯೂರು ಎಕ್ಸ್‌ಪ್ರೆಸ್

ಯಾರೂ ಗೋಧಿ ಮಾತೇ ಎತ್ತಲಿಲ್ಲವಲ್ಲ! ತಮ್ಮ ದೇಶದಲ್ಲಿ ಫುಡ್ ಸ್ಟ್ಯಾಂಪ್ ಕೊಟ್ಟ ಇದೇ ಮಹಾನುಭಾವರು ನಮಗೆ ಗೋಧಿಯನ್ನು ಅಳೆದು ಸುರಿದು ಕೊಟ್ಟವರು. 1965, 66 ಎರಡೂ ವರ್ಷ ಬರ. ಪಿಎಲ್ 480 ಅನ್ನುವ ಅಮೆರಿಕದ ನೆರವಿನ ಕಾನೂನಿನಡಿ ಬರುವ ಗೋಧಿ ಹಡಗಿನಿಂದ ನೇರ ಬಾಯಿಗೆ ಅನ್ನುವ ಸ್ಥಿತಿ. ಜಾನ್ಸನ್ ವರ್ಷದ ಒಪ್ಪಂದ ಬಿಟ್ಟು ಕಂತು ಕಂತಾಗಿ ಬಿಡುಗಡೆ ಮಾಡಿದರು. ಕೃಷಿ ಸುಧಾರಿಸಿಕೊಳ್ಳಿ ಅನ್ನುವುದು ಒಂದು ಕಾರಣ, ವಿಯೆಟ್ನಾಂ ಬಗ್ಗೆ ನಾವು ಟೀಕೆ ಮಾಡುತ್ತಿದ್ದೆವು ಅನ್ನುವುದು ಇನ್ನೊಂದು. ಆ ಅವಮಾನವೂ ಸೇರಿಯೇ ಆಗಿನ ಕೃಷಿ ಮಂತ್ರಿ ಸಿ. ಸುಬ್ರಮಣ್ಯಂ ಅವರ ಹೊಸ ಬೀಜ, ಗೊಬ್ಬರದ ದಾರಿಗೆ ನಾವು ಬೇಗ ಹೊರಳಿದ್ದು.

ನಾನು ಆಗ ಪ್ರೈಮರಿ ಶಾಲೆ. ಕೇರ್ ಅನ್ನುವ ಅಮೆರಿಕದ ನೆರವು ಸಂಸ್ಥೆಯವರ ಉಪ್ಪಿಟ್ಟು ಕೊಡುತ್ತಿದ್ದರು, ಮುತ್ತುಗದ ಎಲೆ ಮೇಲೆ. ಹಾಲಿನ ಪುಡಿಯನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕುತ್ತಿದ್ದೆವು, ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಯಾರ ಪಾಲಿಸಿ ಅಂತ ನಮಗೇನು ಗೊತ್ತು? ಚೀಲದ ಮೇಲೆ ಎರಡು ಕೈ ಕುಲುಕುವ ಚಿತ್ರ ಇರುತ್ತಿತ್ತು. ನಮ್ಮಪ್ಪ ಆ ಚೀಲದಲ್ಲಿ ಚಡ್ಡಿ ಹೊಲಿಸಿದ್ದರು. ಕೈಕುಲುಕುವ ಚಿತ್ರ ಸರಿಯಾಗಿ ಹಿಂದುಗಡೆ ಬಂದಿತ್ತು.

ನೇರನುಡಿ ಡಲ್ಲಾಸ್

ಹಿರಿಯೂರು ಸರ್, ಚಡ್ಡಿಗೆ ಸೋತೆ.

ಲೆಕ್ಕಿಗ ಸರ್, ವಾರ್ಡಿನ ವಿಷಯ ನಿಜವಾಗಿ ನನಗೆ ಗೊತ್ತಿರಲಿಲ್ಲ. ಅದು ಒಳ್ಳೆಯದೇ ಆಯಿತು, ಒಪ್ಪಿದೆ. ಆದರೆ ಅದು ಕಾನೂನಿನ ಕೆಲಸ, ದುಡ್ಡು ಹಂಚುವ ಕೆಲಸ ಅಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಹಳೇ ಲೆಕ್ಕಿಗ

ಒಂದೇ ಬುಟ್ಟಿಗೆ ಹಾಕಿದ್ದು ನಾನಲ್ಲ ಮಾರಾಯರೇ, ಅವರು. ಅದೇ ಅದರ ಗುಟ್ಟು. ಸರ್ಕಾರದ ದುಡ್ಡು ಪಡೆದ ಆಸ್ಪತ್ರೆಯಲ್ಲಿ ಬಣ್ಣದ ಭೇದ ಇರಕೂಡದು ಅಂತ ಉತ್ತರ ಕೆರೊಲಿನಾದ ಕಪ್ಪು ಡಾಕ್ಟರು, ಡೆಂಟಿಸ್ಟುಗಳು 1963ರಲ್ಲೇ ಕೇಸ್ ಗೆದ್ದಿದ್ದರು. ಆ ತೀರ್ಪು ಬಂದಾಗಲೂ ನಮ್ಮ ಲೆಡ್ಜರಲ್ಲಿ 'ಸಿ' ಹಾಗೇ ಇತ್ತು. 64ರ ಕಾನೂನು ಬಂದಾಗಲೂ ಇತ್ತು. ಹೋಗಿದ್ದು ಮೆಡಿಕೇರ್ ದುಡ್ಡು ಬರಲ್ಲ ಅಂದಾಗ.

ಅರಸೀಕೆರೆ ತೆಂಗು

ಎಲ್ಲರಿಗೂ ದೊಡ್ಡ ನಮಸ್ಕಾರ. ನಿನ್ನೆ ರಾತ್ರಿ ಊಟಕ್ಕೆ ಮುಂಚೆ ಇಬ್ಬರನ್ನೂ ಕೂರಿಸಿ ಇದನ್ನೆಲ್ಲ ಜೋರಾಗಿ ಓದಿದೆ. ಅಳಿಯ 1983ರ ವಿಷಯ ಬಂದಾಗ 'ನೋಡಿದ್ರಾ ಮಾವ' ಅಂದರು. ಮಗಳು 100ರ ಕೋಟಾ ಬಂದಾಗ 'ನೋಡಿದ್ಯಾ' ಅಂದಳು. ಲಾಂಡ್ರಿಯ ಭಾಗಕ್ಕೆ ಇಬ್ಬರೂ ಸುಮ್ಮನಿದ್ದರು. ಸಾರು ಬಿಸಿಯಾಗೇ ಇತ್ತು. ಹಲ್ಲಿಗೆ ಲವಂಗ ಇಟ್ಟಿದ್ದೇನೆ, ಇನ್ಶೂರೆನ್ಸ್ ಕಾಗದದಲ್ಲಿ ಹಲ್ಲಿನ ಪುಟ ಹುಡುಕುತ್ತಿದ್ದೇನೆ.

ಲೆಕ್ಕಿಗರೇ, ಒಂದು ಕೇಳಬೇಕು. ಆ 1966ರ ಲೆಡ್ಜರ್ ಈಗ ಎಲ್ಲಿದೆ? ಆ ಗೀಟು ಇರುವ ಪುಟದ ಒಂದು ಫೋಟೋ ಸಿಕ್ಕಿದ್ದರೆ ನಮ್ಮ ಶಾಲೆಯ ಮಕ್ಕಳಿಗೆ ತೋರಿಸಬಹುದಿತ್ತು. ನಾನು ಬಿಟ್ಟ ಮೇಲೆ ಬಂದ ಮೇಷ್ಟ್ರು ಒಳ್ಳೆಯವರು, ತೋರಿಸುತ್ತಾರೆ.

ಹಳೇ ಲೆಕ್ಕಿಗ

ಇಲ್ಲ ಮೇಷ್ಟ್ರೇ. 1991ರಲ್ಲಿ ಆಸ್ಪತ್ರೆ ಹೊಸ ಕಟ್ಟಡಕ್ಕೆ ಹೋಯಿತು. ನೆಲಮಾಳಿಗೆ ಖಾಲಿ ಮಾಡಬೇಕಿತ್ತು. ಹಳೇ ದಾಖಲೆ ಎಷ್ಟು ವರ್ಷ ಇಡಬೇಕು ಅಂತ ರೂಲ್ ಇದೆ, ಅದು ಎಂದೋ ಮುಗಿದಿತ್ತು. ರೋಗಿಗಳ ಹೆಸರಿದ್ದದ್ದರಿಂದ ಹೊರಗೆ ಕೊಡುವಹಾಗೂ ಇರಲಿಲ್ಲ. ಕಾಗದ ಚೂರು ಮಾಡುವ ಲಾರಿ ಬಂತು, ನಾಲ್ಕು ಟ್ರಿಪ್ಪು. ಹೊರೆಗಟ್ಟಲೆ ಲೆಡ್ಜರುಗಳು ಹೊರಗೆ ಬರುವಾಗ ಬಾಗಿಲಲ್ಲಿ ಒಬ್ಬರು ನಿಂತು ಎಣಿಸಿ, ಫಾರಂಗೆ ಸಹಿ ಹಾಕಬೇಕಿತ್ತು. ಆ ವಾರ ನನ್ನ ಡ್ಯೂಟಿ.